ಬ್ರೆಡ್ ಮಗುಚಿದ ಕೈ

ಕೋಪನ್‌ಹೇಗನ್, 4 ಫೆಬ್ರವರಿ 1966

ಮದಾಮ್ ಒನೊರಿನ್ ಗ್ರಾಂಕ್ಲೆಮಾಂ ಅವರಿಗೆ,

ನಾನು ಸಿಗ್ನೆ ಥೋರುಪ್. ನಿಮ್ಮ ‘ಭಾನುವಾರದ ಮೇಜು’ ಕಾದಂಬರಿಯನ್ನು ನಮ್ಮ ಕಂಪನಿ ಸಿನಿಮಾ ಮಾಡುತ್ತಿರುವುದು ಪ್ರಕಾಶಕರಿಂದ ನಿಮಗೆ ತಿಳಿದಿರಬೇಕು. ಚಿತ್ರಕಥೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಇಷ್ಟು ವರ್ಷ ಬೇರೆಯವರ ಚಿತ್ರಕಥೆಗಳನ್ನು ಬೆರಳಚ್ಚು ಮಾಡುತ್ತಿದ್ದೆ. ನನ್ನ ಹೆಸರಿನಲ್ಲಿ ಬರುವುದು ಇದೇ ಮೊದಲು. ಕರಾರಿನ ಪ್ರಕಾರ ನೀವು ಓದಿ ಸಹಿ ಹಾಕದೆ ನಾವು ಒಂದು ದೃಶ್ಯವನ್ನೂ ತೆಗೆಯುವಂತಿಲ್ಲ. ಚಿತ್ರೀಕರಣ ಆಗಸ್ಟಿನಲ್ಲಿ. ಜೂನ್ ಮುಗಿಯುವುದರೊಳಗೆ ನಿಮ್ಮನ್ನು ಒಪ್ಪಿಸದಿದ್ದರೆ ನಾನು ಮತ್ತೆ ಬೆರಳಚ್ಚಿನ ಯಂತ್ರದ ಮುಂದೆ ಹೋಗಿ ಕೂರಬೇಕು.

ನನ್ನ ಫ್ರೆಂಚನ್ನು ದಯವಿಟ್ಟು ಸಹಿಸಿಕೊಳ್ಳಿ. ಲಿಯೋನಿನ ಒಂದು ಮನೆಯಲ್ಲಿ ಎರಡು ವರ್ಷ ಮಕ್ಕಳನ್ನು ನೋಡಿಕೊಳ್ಳುತ್ತ ಕಲಿತ ಭಾಷೆ ಇದು. ಆರು ವರ್ಷದ ಮಕ್ಕಳ ಬೈಗುಳಗಳೆಲ್ಲ ಬರುತ್ತವೆ, ವ್ಯಾಕರಣ ಮಾತ್ರ ಕೈ ಕೊಡುತ್ತದೆ.

ಈಗ ನನ್ನ ಪ್ರಶ್ನೆ. ಏಳನೆಯ ಅಧ್ಯಾಯದಲ್ಲಿ ಅರಳುಮರಳಾದ ತಾಯಿಯನ್ನು ಸನ್ಯಾಸಿನಿಯರ ಆಸ್ಪತ್ರೆಗೆ ಸೇರಿಸುವ ಕಾಗದಕ್ಕೆ ತಂಗಿ ಸಹಿ ಹಾಕುತ್ತಾಳೆ. ಮುಂದಿನ ಭಾನುವಾರ ಎಂಟು ಜನ ಊಟಕ್ಕೆ ಕೂರುತ್ತಾರೆ. ಅಕ್ಕ ತಂಗಿಯ ತಟ್ಟೆಯ ಪಕ್ಕ ಬ್ರೆಡ್ಡನ್ನು ಮಗುಚಿ ಇಡುತ್ತಾಳೆ. ಯಾರೂ ಮಾತಾಡುವುದಿಲ್ಲ. ತಂಗಿ ಎದ್ದು ಕೋಟು ಹಾಕಿಕೊಂಡು ಹೊರಟುಹೋಗುತ್ತಾಳೆ, ಮತ್ತೆಂದೂ ಆ ಮೇಜಿಗೆ ಬರುವುದಿಲ್ಲ. ಒಂದು ಬ್ರೆಡ್ಡಿಗಾಗಿ! ನಮ್ಮ ಆಫೀಸಿನಲ್ಲಿ ಇದನ್ನು ಓದಿದವರೆಲ್ಲ ಡ್ಯಾನಿಶ್ ಅನುವಾದ ತಪ್ಪಿರಬೇಕು ಎಂದರು. ನಮ್ಮ ನಿರ್ದೇಶಕ ಆಸ್ಗರ್ ಅಲ್ಲಿ ಒಂದು ಕಪಾಳಮೋಕ್ಷ ಸೇರಿಸೋಣ ಎನ್ನುತ್ತಿದ್ದಾನೆ. ಬ್ರೆಡ್ಡಿನಲ್ಲಿ ಏನಿದೆ ಎಂದು ನೀವೇ ಹೇಳಬೇಕು.

ಗೌರವದಿಂದ,
ಸಿಗ್ನೆ ಥೋರುಪ್


ಮೋಂವಾಲ್, ಜುರಾ, 15 ಫೆಬ್ರವರಿ 1966

ಮದ್ಮ್ವಾಸೆಲ್ ಥೋರುಪ್,

ಕಪಾಳಮೋಕ್ಷ ಬೇಡ. ನಿಮ್ಮ ಆಸ್ಗರ್‌ಗೆ ಕೈ ತುರಿಸುತ್ತಿದ್ದರೆ ತನ್ನ ಕೆನ್ನೆಗೇ ಹೊಡೆದುಕೊಳ್ಳಲಿ.

ನಮ್ಮ ಕಡೆ ಬ್ರೆಡ್ಡನ್ನು ಬೆನ್ನ ಮೇಲೆ ಮಲಗಿಸುವುದಿಲ್ಲ. ಹಿಂದೆ ಪ್ರತಿ ಪಟ್ಟಣದಲ್ಲೂ ಸರ್ಕಾರದ ಪರವಾಗಿ ತಲೆ ಕಡಿಯುವವನೊಬ್ಬ ಇರುತ್ತಿದ್ದ. ಅವನಿಗೂ ಹೊಟ್ಟೆ ಇತ್ತಲ್ಲ. ಬೇಕರಿಯವನು ಅವನ ಪಾಲಿನ ಬ್ರೆಡ್ಡನ್ನು ಮಗುಚಿ ಇಡುತ್ತಿದ್ದ, ಬೇರೆ ಯಾರೂ ಗೊತ್ತಿಲ್ಲದೆ ಮುಟ್ಟಬಾರದು ಎಂದು. ಇವತ್ತಿಗೂ ಎಲ್ಲಾದರೂ ಮಗುಚಿದ ಬ್ರೆಡ್ ಕಂಡರೆ ನಮ್ಮ ಮುದುಕಿಯರು ಮಾತು ನಿಲ್ಲಿಸಿ ಅದನ್ನು ಸರಿ ಮಾಡುತ್ತಾರೆ. ಹಾಗಿರುವಾಗ ಬೇಕೆಂದೇ ಒಬ್ಬರ ತಟ್ಟೆಯ ಪಕ್ಕ ಮಗುಚಿ ಇಡುವುದೆಂದರೆ ಏನರ್ಥ ಎಂದು ಯೋಚಿಸಿ. ಅಮ್ಮನನ್ನು ಆಸ್ಪತ್ರೆಗೆ ತಳ್ಳಿ ಕೊಂದವಳು ನೀನು, ಇಗೋ ನಿನ್ನ ಪಾಲು, ತಿನ್ನು. ಇದಕ್ಕಿಂತ ಕೆನ್ನೆಗೆ ಹೊಡೆಯುವುದೇ ಮರ್ಯಾದೆ.

ಇನ್ನೊಂದು ವಿಷಯ. ಪ್ರಕಾಶಕರು ಕಳಿಸಿದ ನಿಮ್ಮ ಮೇಜಿನ ನಕ್ಷೆಯಲ್ಲಿ ಫೋರ್ಕುಗಳ ಹಲ್ಲು ಮೇಲಕ್ಕಿವೆ. ಫ್ರಾನ್ಸಿನಲ್ಲಿ ಹಲ್ಲು ಕೆಳಗೆ ಮಾಡಿ ಇಡುತ್ತೇವೆ. ಮನೆತನದ ಅಕ್ಷರಗಳು ಫೋರ್ಕಿನ ಬೆನ್ನ ಮೇಲೆ ಕೊರೆದಿರುತ್ತವೆ, ಅತಿಥಿಗಳಿಗೆ ಅವು ಕಾಣದಿದ್ದರೆ ನಮಗೆ ಊಟ ಸೇರುವುದಿಲ್ಲ.

ಇದೆಲ್ಲ ನಿಜವಾಗಿ ನಡೆದದ್ದೇ ಎಂದು ನೀವು ಮುಂದಿನ ಪತ್ರದಲ್ಲಿ ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ನನಗೆ ಒಬ್ಬಳು ಅಕ್ಕ ಇದ್ದಳು. ಇಷ್ಟು ಸಾಕು. ಚಿತ್ರಕಥೆ ಕಳಿಸಿ, ಸಹಿ ಮಾಡುತ್ತೇನೆ.

ಒ. ಗ್ರಾಂಕ್ಲೆಮಾಂ


ಕೋಪನ್‌ಹೇಗನ್, 2 ಮಾರ್ಚ್ 1966

ಪ್ರಿಯ ಮದಾಮ್,

ನಿಮ್ಮ ಪತ್ರವನ್ನು ಆಫೀಸಿನಲ್ಲಿ ಗಟ್ಟಿಯಾಗಿ ಓದಿದೆ. ಆಸ್ಗರ್ ತನ್ನ ಕೆನ್ನೆ ಸವರಿಕೊಂಡು, “ಸರಿ, ಬ್ರೆಡ್ಡೇ ಇರ್ಲಿ” ಎಂದ. ಆದರೆ ಡೆನ್ಮಾರ್ಕಿನ ಪ್ರೇಕ್ಷಕರಿಗೆ ಇದು ಹೇಗೆ ತಿಳಿಯಬೇಕು? ಪರೀಕ್ಷೆ ಮಾಡಲೆಂದು ಕಳೆದ ಭಾನುವಾರ ಅಪ್ಪನ ಮನೆಯಲ್ಲಿ ರೈ ಬ್ರೆಡ್ಡನ್ನು ಮಗುಚಿ ಅಪ್ಪನ ಮುಂದಿಟ್ಟು ಉಸಿರು ಬಿಗಿಹಿಡಿದು ಕೂತೆ. ಅಪ್ಪ ಟ್ರಾಮ್ ಓಡಿಸುವವರು, ನಿಧಾನಸ್ಥರು. ಅದನ್ನು ನೋಡಿದರು, ತಳಕ್ಕೇ ಬೆಣ್ಣೆ ಸವರಿ ತಿಂದರು. “ಯಾಕೆ ಹಾಗೆ ನೋಡ್ತಿದ್ದೀಯಾ, ನಿನಗೂ ಬೇಕಾ?” ಎಂದು ಕೇಳಿದರು. ನಮಗೆ ಇನ್ನೇನಾದರೂ ದಾರಿ ಹುಡುಕಬೇಕು.

ನಿಮ್ಮ ಅಕ್ಕ ತೀರಿಕೊಂಡದ್ದು ನನಗೆ ತಿಳಿದಿರಲಿಲ್ಲ. ಪ್ರಶ್ನೆ ಕೇಳಿ ನೋಯಿಸಿದ್ದರೆ ಕ್ಷಮಿಸಿ.

ಆದರೂ ಇನ್ನೊಂದು ಪ್ರಶ್ನೆ ಕೇಳಲೇಬೇಕು. ಕಾದಂಬರಿ ಓದುವಾಗ ನನಗೆ ಇದು ಹೊಳೆದಿರಲಿಲ್ಲ. ದೃಶ್ಯವನ್ನು ತುಂಡು ತುಂಡಾಗಿ ಬರೆಯಲು ಕೂತಾಗ ಸಿಕ್ಕಿಹಾಕಿಕೊಂಡೆ. ಸಿನಿಮಾದಲ್ಲಿ ಪ್ರತಿ ತುಂಡಿಗೂ ಕ್ಯಾಮೆರಾ ಎಲ್ಲಿದೆ, ಇದನ್ನು ನೋಡುತ್ತಿರುವವರು ಯಾರು ಎಂದು ಬರೆಯಬೇಕು. ನಿಮ್ಮ ಸಾಲು ಹೀಗಿದೆ: “ಅಕ್ಕ ಅದನ್ನು ಮಗುಚಿದಳು. ತಳ ಇನ್ನೂ ಬೆಚ್ಚಗಿತ್ತು. ಹಿಟ್ಟು ಅಂಗೈಗೆ ಹತ್ತಿತು, ಕರವಸ್ತ್ರಕ್ಕೆ ಒರೆಸಿದರೂ ಹೋಗಲಿಲ್ಲ.” ಕಥೆ ಹೇಳುತ್ತಿರುವವಳು ತಂಗಿ. ಅವಳು ಊಟದ ಕೋಣೆಗೆ ಬರುವುದು ಎಲ್ಲರೂ ಕೂತ ಮೇಲೆ, ಬ್ರೆಡ್ ಮಗುಚಿ ಆಗಿದೆ. ಅಂದ ಮೇಲೆ ತಳ ಬೆಚ್ಚಗಿತ್ತೆಂದು, ಹಿಟ್ಟು ಹತ್ತಿತೆಂದು ಅವಳಿಗೆ ಹೇಗೆ ಗೊತ್ತು? ಅದು ಗೊತ್ತಿರುವುದು ಮಗುಚಿದವಳಿಗೆ ಮಾತ್ರ ಅಲ್ಲವೇ?

ಕ್ಯಾಮೆರಾ ಎಲ್ಲಿಡಲಿ ಎಂದು ಹೇಳಿದರೆ ಉಪಕಾರವಾಗುತ್ತದೆ.

ನಿಮ್ಮ
ಸಿಗ್ನೆ


ಮೋಂವಾಲ್, 21 ಮಾರ್ಚ್ 1966

ಮದ್ಮ್ವಾಸೆಲ್,

ಕಾದಂಬರಿ ಬರೆಯುವವರು ಕ್ಯಾಮೆರಾ ಹೊತ್ತು ತಿರುಗುವುದಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಹನ್ನೊಂದು ಭಾಷೆಗಳ ಓದುಗರಿಗೆ, ವಿಮರ್ಶಕರಿಗೆ, ಪ್ರಶಸ್ತಿ ಕೊಟ್ಟವರಿಗೆ ಕಾಣದ ತಪ್ಪು ಬೆರಳಚ್ಚಿನವಳೊಬ್ಬಳಿಗೆ ಕಂಡಿತು. ಸಂತೋಷ. ಆ ಅಧ್ಯಾಯವನ್ನು ಹೇಗಿದೆಯೋ ಹಾಗೆ ತೆಗೆಯಿರಿ, ಇಲ್ಲವೇ ತೆಗೆಯಬೇಡಿ. ಸಹಿಯ ವಿಷಯ ಈಗ ನಾನು ಏನೂ ಹೇಳಲಾರೆ.

ನನ್ನ ಅಕ್ಕ ಸತ್ತಿಲ್ಲ. ಅವಳ ಹೆಸರು ಫಿಲೊಮೆನ್. ನನ್ನ ಮನೆಯಿಂದ ನಾಲ್ಕು ಬೀದಿ ಆಚೆ ಇದ್ದಾಳೆ. ಪುಸ್ತಕ ಬಂದಾಗಿನಿಂದ ನಾವು ಮಾತಾಡಿಲ್ಲ.

ಒ. ಗ್ರಾಂಕ್ಲೆಮಾಂ


ಕೋಪನ್‌ಹೇಗನ್, 30 ಮಾರ್ಚ್ 1966

ಪ್ರಿಯ ಮದಾಮ್,

ನಾನು ತಪ್ಪು ಹುಡುಕಲು ಹೊರಟವಳಲ್ಲ. ಪುಸ್ತಕದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಸಾಲು ಅದೇ. ಅದನ್ನು ಓದಿದಾಗಲೆಲ್ಲ ನನ್ನ ಅಂಗೈ ನೋಡಿಕೊಳ್ಳುತ್ತೇನೆ. ಅಷ್ಟು ನಿಜವಾದ ಸಾಲು ಇಡೀ ಅಧ್ಯಾಯದಲ್ಲಿ ಇನ್ನೊಂದಿಲ್ಲ, ಅದಕ್ಕೇ ಕೇಳಿದೆ.

ಸಿನಿಮಾ ಆಗುತ್ತಿರುವುದು ನಿಮ್ಮ ಅಕ್ಕನಿಗೆ ಗೊತ್ತೇ? ನಿಮ್ಮ ಊರು ನೋಡಲು ನಾನು ಏಪ್ರಿಲಿನಲ್ಲಿ ಬರಬೇಕಾಗಿದೆ. ಆಗ ನಿಮ್ಮನ್ನು ಕಾಣಬಹುದೇ?

ಸಿಗ್ನೆ


ಕೋಪನ್‌ಹೇಗನ್, 26 ಏಪ್ರಿಲ್ 1966

ಪ್ರಿಯ ಮದಾಮ್,

ನಿಮ್ಮ ಉತ್ತರ ಬರಲಿಲ್ಲ. ಆದರೂ ಬಂದೆ. ಹತ್ತೊಂಬತ್ತನೆಯ ತಾರೀಕು ಮೂರು ಸಲ ನಿಮ್ಮ ಬಾಗಿಲು ತಟ್ಟಿದೆ. ಮೇಲಿನ ಕಿಟಕಿಯ ಪರದೆ ಅಲುಗಿತು. ಬೆಕ್ಕಿರಬೇಕು ಎಂದುಕೊಂಡು ಹಿಂದಿರುಗಿದೆ.

ಊಟಕ್ಕೆ ಏನಾದರೂ ಕೊಳ್ಳೋಣವೆಂದು ಬೇಕರಿಗೆ ಹೋದೆ. ಅಂಗಡಿಯಾಕೆ ನನ್ನ ಉಚ್ಚಾರ ಕೇಳಿದ್ದೇ ಅರಳಿದಳು. “ಸಿನಿಮಾದೋರಾ? ಮದಾಮ್ ಗ್ರಾಂಕ್ಲೆಮಾಂ ಪುಸ್ತಕದ್ದು ತಾನೆ? ಕೆಟ್ಟ ಅಕ್ಕನ ಪಾತ್ರ ಯಾರ್ ಮಾಡ್ತಾರೆ?” ಎಂದು ಕೇಳಿ, ತಟ್ಟನೆ ಬಾಯಿಗೆ ಕೈ ಇಟ್ಟುಕೊಂಡಳು. ನನ್ನ ಹಿಂದೆ ಕಪ್ಪು ಕೋಟಿನ ಎತ್ತರದ ಹೆಂಗಸೊಬ್ಬರು ಚೀಲ ಹಿಡಿದು ನಿಂತಿದ್ದರು. ನಿಮ್ಮದೇ ಮೂಗು. ಪುಸ್ತಕದ ಹಿಂಬದಿಯ ನಿಮ್ಮ ಫೋಟೊ ನೋಡಿದ್ದೆನಾದ್ದರಿಂದ ಗುರುತು ಸಿಕ್ಕಿತು.

“ಹೇಳು ಹೇಳು, ನಿಲ್ಲಿಸ್ಬೇಡ,” ಎಂದು ಅವರು ಅಂಗಡಿಯಾಕೆಗೆ ಹೇಳಿದರು. “ಹತ್ತೊಂಬತ್ತು ವರ್ಷದಿಂದ ಇದೇ ಅಂಗಡೀಲಿ ಬ್ರೆಡ್ ತಗೋತಾ ಇದೀನಿ. ನೀನು ನಂಗೆ ಕೊಡೋವಾಗ ಎರಡೆರಡು ಸಲ ನೋಡ್ಕೊಂಡು ಕೊಡ್ತೀಯ, ಎಲ್ಲಿ ಮಗುಚಿಬಿಡ್ತೀನೋ ಅಂತ.”

ಹೊರಗೆ ಬಂದ ಮೇಲೆ ನಾನು ಅವರ ಹಿಂದೆಯೇ ಓಡಿದೆ. ನಾಚಿಕೆಯಿಲ್ಲದವಳು ಎಂದು ನೀವು ಬೈಯಬಹುದು. ಆ ಭಾನುವಾರದ ಬಗ್ಗೆ ಒಂದು ಮಾತು ಕೇಳಬಹುದೇ ಎಂದೆ.

“ನನ್ನನ್ನ ಯಾಕಮ್ಮ ಕೇಳ್ತೀಯಾ? ಬರ್ದೋಳನ್ನ ಕೇಳು. ಆವತ್ತು ಮೇಜು ಹಾಕಿದ್ದು ಯಾರು ಅಂತ ಕೇಳು.”

“ಅವರು ಹೇಳ್ತಿಲ್ಲ, ಮದಾಮ್.”

“ಹೇಳಲ್ಲ. ಅವಳು ಚಿಕ್ಕೋಳಿದ್ದಾಗ್ಲೂ ಹಾಗೇನೇ. ಜಾಮ್ ಕದ್ದು ತಿಂದು ಬೆಕ್ಕಿನ ಮೇಲೆ ಹಾಕೋಳು.” ಸ್ವಲ್ಪ ದೂರ ಹೋಗಿ ನಿಂತರು. “ಆ ಕೊನೇ ಪುಟ ಇದ್ಯಲ್ಲ, ಅದನ್ನೂ ಸಿನಿಮಾದಲ್ಲಿ ತೆಗೀತೀರಾ?”

ಹೌದು, ಅದು ನಮ್ಮ ನಾಯಕಿಯ ದೊಡ್ಡ ದೃಶ್ಯ ಎಂದೆ. ಅವರು ಹೊರಟುಹೋದರು. ಕೊನೆಯ ಪುಟ ಎಂದು ಯಾಕೆ ಕೇಳಿದರೋ ನನಗೆ ಅರ್ಥವಾಗಲಿಲ್ಲ. ನಿಮಗೆ ಆಗುತ್ತದೆಯೇ?

ಸಿಗ್ನೆ


ಮೋಂವಾಲ್, 9 ಮೇ 1966

ಸಿಗ್ನೆ,

ಪರದೆ ಹಿಂದೆ ಇದ್ದದ್ದು ಬೆಕ್ಕಲ್ಲ. ನನ್ನ ಮನೆಯಲ್ಲಿ ಬೆಕ್ಕಿಲ್ಲ. ಮೂರು ಸಲ ಬಾಗಿಲು ತಟ್ಟುವವರು ಸಾಲ ವಸೂಲಿಗೆ ಬಂದವರು ಅಥವಾ ಪಾದ್ರಿಗಳು ಎಂದುಕೊಂಡಿದ್ದೆ. ಕೆಂಪು ಟೋಪಿಯ ಹುಡುಗಿಯೊಬ್ಬಳು ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚಿ ಕಲ್ಲು ಕೊಡವಿಕೊಂಡದ್ದು ಕಂಡಿತು. ಇಷ್ಟು ಚಿಕ್ಕವಳಿಗೆ ‘ನೀವು’ ಎಂದು ಬರೆಯುತ್ತಿದ್ದೆನಲ್ಲ ಎಂದು ನಗು ಬಂತು. ಇನ್ನು ಮುಂದೆ ‘ನೀನು’.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಆಯಿತು ನನ್ನ ಮಾರ್ಚ್ ತಿಂಗಳ ಪತ್ರ. ಆ ಪತ್ರ ಅಂಚೆಗೆ ಹಾಕಿ ಬಂದ ಮೇಲೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮೇಜು ಹಾಕಿದ್ದು ನಾನು. ಬ್ರೆಡ್ ಮಗುಚಿದ್ದು ನಾನು. 1934ರ ನವೆಂಬರ್. ಅಮ್ಮ ಹುಲ್ಲಿನ ಕೊಟ್ಟಿಗೆಗೆ ದೀಪ ಒಯ್ದು ಎರಡನೆಯ ಸಲ ಬೆಂಕಿ ಹಚ್ಚಿದ್ದಳು. ಆಸ್ಪತ್ರೆಯ ಕಾಗದಕ್ಕೆ ಸಹಿ ಹಾಕಿದವಳು ಫಿಲೊಮೆನ್. ಹಾಲಿನ ಡೈರಿಯಲ್ಲಿ ಚಕ್ರದಂಥ ಚೀಸ್ ಗಟ್ಟಿಗಳನ್ನು ತಿರುವುತ್ತ ದುಡಿದು ಅಮ್ಮನನ್ನು ನೋಡಿಕೊಳ್ಳುತ್ತಿದ್ದವಳೂ ಅವಳೇ. ನಾನು ಶಾಲೆಯಲ್ಲಿ ಪಾಠ ಹೇಳಿಕೊಂಡು, ಸಂಜೆ ಕವಿತೆ ಬರೆದುಕೊಂಡು, ಅಮ್ಮನನ್ನು ಕಂಡರೆ ಹೆದರಿ ದೂರ ಇರುತ್ತಿದ್ದೆ. ಸಹಿ ಹಾಕಿದ್ದು ತಿಳಿದಾಗ ನನಗೆ ಆದದ್ದು ಸಮಾಧಾನ. ಅದನ್ನು ನಾನೇ ಸಹಿಸಲಾರದೆ ಹೋದೆ. ಯಾರನ್ನಾದರೂ ಕೊಲೆಗಾರ್ತಿ ಎನ್ನಬೇಕಿತ್ತು. ಅವಳ ತಟ್ಟೆಯ ಪಕ್ಕ ಬ್ರೆಡ್ಡನ್ನು ಮಗುಚಿ ಇಟ್ಟೆ, ಹಿಟ್ಟು ಅಂಗೈಗೆ ಹತ್ತಿತು. ಅವಳು ಬಂದು ನೋಡಿದಳು, ಸುಮ್ಮನೆ ಕೂತಳು. ಎದ್ದು ಹೋದವಳು ನಾನು. ಪ್ಯಾರಿಸಿಗೆ.

ಕಾದಂಬರಿ ಬರೆಯುವಾಗ ಎಲ್ಲವನ್ನೂ ಅದಲು ಬದಲು ಮಾಡಿದೆ. ಸಹಿ ನನ್ನದಾಯಿತು, ಅವಮಾನ ನನ್ನದಾಯಿತು, ಬ್ರೆಡ್ ಮಾತ್ರ ಅವಳ ಕೈಗೆ ಹೋಯಿತು. ಆ ಮೇಜಿನ ಸುತ್ತ ಎಂಟು ಜನ ಇದ್ದರಲ್ಲ, ಒಬ್ಬರಾದರೂ ಇದು ಸುಳ್ಳು ಎನ್ನುತ್ತಾರೆ ಎಂದು ಹೆದರಿದ್ದೆ. ಯಾರೂ ಎನ್ನಲಿಲ್ಲ. ನೆಂಟರೆಲ್ಲ ಪುಸ್ತಕದಲ್ಲಿ ತಮ್ಮ ತಮ್ಮ ಹೆಸರು ಹುಡುಕುವುದರಲ್ಲೇ ಮುಳುಗಿದ್ದರು.

ಈಗ ನಿನ್ನ ಸಹಿಯ ವಿಷಯ. ಸಿನಿಮಾದಲ್ಲಿ ಸಹಿ ಹಾಕುವವಳು ಅಕ್ಕ, ಬ್ರೆಡ್ ಮಗುಚುವವಳು ತಂಗಿ ಎಂದು ತಿದ್ದು. ಕ್ಯಾಮೆರಾವನ್ನು ತಂಗಿಯ ಅಂಗೈ ಮುಂದೆ ಇಡು. ಹಾಗಾದರೆ ಸಹಿ ಮಾಡುತ್ತೇನೆ. ನನ್ನ ಹೆಸರು ಏನಾಗುತ್ತದೋ ಆಗಲಿ. ಫಿಲೊಮೆನ್ ಅದನ್ನು ನೋಡಬೇಕು, ಬೇಕರಿಯವಳೂ ನೋಡಬೇಕು.

ಕೊನೆಯ ಪುಟದ ಬಗ್ಗೆ ಅವಳು ಏಕೆ ಕೇಳಿದಳೋ ನನಗೂ ತಿಳಿಯದು. ಅಲ್ಲಿ ಅವಳ ಹೆಸರೇ ಬರುವುದಿಲ್ಲ.

ಒನೊರಿನ್


ಕೋಪನ್‌ಹೇಗನ್, 20 ಮೇ 1966

ಪ್ರಿಯ ಒನೊರಿನ್,

(ಹೀಗೆ ಕರೆಯಬಹುದು ತಾನೆ? ‘ನೀವು’ ಮಾತ್ರ ಬಿಡಲಾರೆ.)

ನಿಮ್ಮ ಪತ್ರ ಓದಿ ಅತ್ತೆ, ಆಮೇಲೆ ಕುಣಿದೆ. ಎರಡೂ ನಿಜ. ಆಸ್ಗರ್‌ಗೆ ಹೇಳಿದಾಗ ಅವನು ಮೊದಲು “ಪುಸ್ತಕ ಓದಿದ ಜನ ನಮ್ಮನ್ನ ಹೊಡೀತಾರೆ” ಎಂದ, ಅರ್ಧ ಗಂಟೆ ಲಿಕೊರಿಸ್ ಮಿಠಾಯಿ ಅಗಿಯುತ್ತ ಕೂತು, “ಆದ್ರೆ ಇದೇ ಚೆನ್ನಾಗಿದೆ” ಎಂದ. ಬ್ರೆಡ್ಡಿನ ತೊಂದರೆಯೂ ಬಗೆಹರಿಯಿತು. ಪ್ರೇಕ್ಷಕರಿಗೆ ಆಚಾರ ತಿಳಿಯದಿದ್ದರೂ, ಒಬ್ಬಳು ಕದ್ದು ಅದನ್ನು ಮಗುಚಿ ಕೈ ಒರೆಸಿಕೊಳ್ಳುವುದನ್ನು ಕಂಡರೆ ಅದು ಕೆಟ್ಟ ಕೆಲಸವೆಂದು ಯಾರಿಗೂ ತಿಳಿಯುತ್ತದೆ.

ಆದರೆ ನಿಮ್ಮೊಬ್ಬರ ಮಾತಿನ ಮೇಲೆ ನಾನು ಇದನ್ನು ಬರೆಯಲಾರೆ. ಕಳೆದ ಸಲ ನಿಮ್ಮ ಅಕ್ಕನನ್ನು ಕೇಳದೆ ಅವರ ಬಗ್ಗೆ ಬರೆದಿರಿ. ಈ ಸಲವೂ ಕೇಳದೆ ಬರೆದರೆ, ಒಳ್ಳೆಯದನ್ನೇ ಬರೆದರೂ, ವ್ಯತ್ಯಾಸ ಏನು? ನಾಲ್ಕು ಬೀದಿ ದಾಟಿ ಹೋಗಿ ಅವರನ್ನು ಕೇಳಿ. ಜೂನ್ ಕೊನೆಯವರೆಗೆ ಕಾಯುತ್ತೇನೆ. ಅವರು ಬೇಡ ಎಂದರೆ ನನ್ನ ಚಿತ್ರಕಥೆಯನ್ನು ಹರಿದುಹಾಕುತ್ತೇನೆ. ಹರಿದುಹಾಕಲು ನನಗೆ ಸ್ವಲ್ಪವೂ ಇಷ್ಟವಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಇನ್ನೊಂದು. ನಮ್ಮ ಸೆಟ್ ಕಟ್ಟುವವರು ಕೊನೆಯ ಪುಟದ ಬಗ್ಗೆ ದೂರು ಹೇಳುತ್ತಿದ್ದಾರೆ. ಪುಸ್ತಕದಲ್ಲಿ ಪ್ರತಿ ಕೋಣೆಯ ಗೋಡೆ ಬಣ್ಣದಿಂದ ಹಿಡಿದು ವಾಸನೆಯವರೆಗೆ ಬರೆದಿದ್ದೀರಿ. ತಾಯಿ ಸಾಯುವ ಕೋಣೆಯಲ್ಲಿ ಮಾತ್ರ ಒಂದು ಹಾಸಿಗೆ, ತಂಗಿಯ ಕೈಯೊಳಗೆ ತಾಯಿಯ ಕೈ, ಅಷ್ಟೇ ಇದೆ. ಅಲ್ಲಿ ಇನ್ನೇನೇನು ಇತ್ತು?

ಸಿಗ್ನೆ


ಮೋಂವಾಲ್, 12 ಜೂನ್ 1966

ಸಿಗ್ನೆ,

ಹೋದೆ. ಫಿಲೊಮೆನ್ ಹಿತ್ತಲಲ್ಲಿ ಬಟ್ಟೆ ಒಣಗಹಾಕುತ್ತಿದ್ದಳು. ಎಪ್ಪತ್ತು ವರ್ಷ, ಬೆನ್ನು ಇನ್ನೂ ಬಾಗಿಲ್ಲ. ನನ್ನನ್ನು ನೋಡಿ ಒಂದು ದುಪ್ಪಟಿ ಪೂರ್ತಿ ಹರವಿ, ಕ್ಲಿಪ್ ಹಾಕಿ, ಆಮೇಲೆ ಬಾಯಿ ತೆರೆದಳು.

“ಏನು, ದಾರಿ ತಪ್ತಾ?”

“ಇಲ್ಲ, ನಿನ್ನ ಹತ್ರಾನೇ ಬಂದೆ.”

“ನಾಲ್ಕು ಬೀದಿ ದಾಟೋಕೆ ಹತ್ತೊಂಬತ್ತು ವರ್ಷ. ಕಾಲು ನೋವಿರಬೇಕು. ಕೂತ್ಕೋ.”

ಕೂತೆ. ಸಿನಿಮಾದಲ್ಲಿ ಬ್ರೆಡ್ಡಿನ ದೃಶ್ಯವನ್ನು ನಿಜ ಇದ್ದ ಹಾಗೆ ತಿದ್ದಿಸುತ್ತೇನೆ, ನಿನ್ನ ಒಪ್ಪಿಗೆ ಬೇಕು ಎಂದು ಹೇಳಿದೆ. ಇದಕ್ಕಾಗಿ ಅವಳು ಇಷ್ಟು ವರ್ಷ ಕಾದಿದ್ದಾಳೆ, ಇನ್ನೇನು ಅಳುತ್ತಾಳೆ, ನಾನೂ ಅಳುತ್ತೇನೆ ಎಂದುಕೊಂಡಿದ್ದೆ. ಅವಳು ನಕ್ಕಳು.

“ಬ್ರೆಡ್ಡಾ? ಆ ಬ್ರೆಡ್ಡನ್ನ ಅವತ್ತು ಸಂಜೇನೇ ಸೂಪಿಗೆ ಹಾಕ್ಕೊಂಡು ತಿಂದೆ ಕಣೆ. ಅನ್ನದ ಮೇಲೆ ಯಾರು ಸಿಟ್ಟು ತೋರಿಸ್ತಾರೆ? ನೀನು ಚಿಕ್ಕೋಳು, ತಲೆ ಕೆಟ್ಟಿತ್ತು, ಮಾಡ್ದೆ. ಪುಸ್ತಕದಲ್ಲಿ ನನ್ನ ಕೆಟ್ಟೋಳು ಅಂದೆ, ಅದೂ ಇರ್ಲಿ. ನನ್ನ ಸಹಿ ತಗೊಂಡೆ, ನನ್ನ ಅವಮಾನಾನೂ ನೀನೇ ತಗೊಂಡೆ. ತಗೋ, ನಿಂಗೆ ಬರವಣಿಗೆಗೆ ಬೇಕಿತ್ತು. ಆದ್ರೆ ನನ್ನ ಗುರುವಾರಗಳನ್ನ ಯಾಕೆ ತಗೊಂಡೆ?”

ನನಗೆ ತಕ್ಷಣ ಅರ್ಥವಾಗಲಿಲ್ಲ.

“ಗುರುವಾರ ಆಸ್ಪತ್ರೇಲಿ ನೋಡೋಕೆ ಬಿಡ್ತಿದ್ರು. ಮೂರು ವರ್ಷ ಒಂದು ಗುರುವಾರಾನೂ ಬಿಡ್ಲಿಲ್ಲ. ಹಿಮ ಸೊಂಟದವರೆಗೆ ಬಿದ್ದಾಗ್ಲೂ ಡೈರಿ ಗಾಡೀಲಿ ಕೂತು ಹೋಗಿದ್ದೀನಿ. ಅಮ್ಮ ಹೋದಾಗ ಹಾಸಿಗೆ ಪಕ್ಕದ ಕುರ್ಚೀಲಿ ಕೂತಿದ್ದೋಳು ನಾನು. ನಿಂಗೆ ಟೆಲಿಗ್ರಾಂ ಕೊಟ್ಟೆ, ಮಣ್ಣು ಮಾಡಿದ ಮಾರನೇ ದಿನ ಬಂದೆ. ಪುಸ್ತಕ ತೆಗ್ದು ನೋಡ್ತೀನಿ, ಕೊನೇ ಪುಟದಲ್ಲಿ ಅಮ್ಮನ ಕೈ ಹಿಡ್ಕೊಂಡು ನೀನು ಕೂತಿದ್ದೀಯಾ! ನಾನು ಆ ಪುಟದಲ್ಲಿ ಇಲ್ವೇ ಇಲ್ಲ.” ಅವಳ ಕೈಯಲ್ಲಿದ್ದ ಕ್ಲಿಪ್ ಮುರಿಯಿತು. “ಅಮ್ಮ ಹೇಗೆ ಹೋದ್ಲು ಅಂತ ಒಂದ್ಸಲಾನಾದ್ರೂ ಕೇಳಿದ್ಯಾ ನೀನು? ಕೇಳ್ದೇನೇ ಬರ್ದೆ.”

ಸಿಗ್ನೆ, ನಾನು ಆಗಲೂ ಕೇಳಲಿಲ್ಲ. ಬಂದದ್ದು ಬ್ರೆಡ್ಡಿನ ಪಾಪ ಕಳೆಯಲು, ಸಿಕ್ಕಿಬಿದ್ದದ್ದು ಇನ್ನೆಲ್ಲೋ. ಹತ್ತೊಂಬತ್ತು ವರ್ಷ ಅವಳ ಮೌನದ ಕಾರಣ ನನಗೆ ಗೊತ್ತಿದೆ ಎಂದುಕೊಂಡೇ ಬದುಕಿದೆ. ಅವಳು ಖಾಲಿ ಬುಟ್ಟಿ ತೆಗೆದುಕೊಂಡು ಒಳಗೆ ಹೋದಳು, ಬಾಗಿಲು ಹಾಕಿಕೊಂಡಳು. ಹೋಗುವ ಮುಂಚೆ, “ಏನಾದ್ರೂ ಮಾಡ್ಕೊಳ್ಳಿ ನಿಮ್ಮ ಸಿನಿಮಾ, ನಂಗೇನು” ಎಂದಳು. ಅದನ್ನು ಒಪ್ಪಿಗೆ ಎಂದುಕೊಳ್ಳೋಣ.

ಆ ಕೋಣೆಯಲ್ಲಿ ಏನಿತ್ತು ಎಂದು ಕೇಳಿದೆಯಲ್ಲ. ನನಗೆ ಗೊತ್ತಿಲ್ಲ. ನಾನು ಅಲ್ಲಿರಲಿಲ್ಲ. ನನ್ನನ್ನು ಆ ಕೋಣೆಯಿಂದ ತೆಗೆದುಬಿಡು. ಅಕ್ಕನನ್ನು ಅಲ್ಲಿ ಕೂರಿಸು. ಇದು ನನ್ನ ಷರತ್ತು, ಇದಿಲ್ಲದೆ ಸಹಿ ಇಲ್ಲ.

ಒನೊರಿನ್


ಕೋಪನ್‌ಹೇಗನ್, 25 ಸೆಪ್ಟೆಂಬರ್ 1966

ಪ್ರಿಯ ಒನೊರಿನ್,

ನಿಮ್ಮ ಷರತ್ತಿನಿಂದ ಇಲ್ಲಿ ಭೂಕಂಪವೇ ಆಯಿತು. ತಂಗಿಯ ಪಾತ್ರದ ನಟಿ ಆ ಕೊನೆಯ ದೃಶ್ಯಕ್ಕೆಂದೇ ಒಪ್ಪಿಕೊಂಡಿದ್ದವಳು. “ತಾಯಿ ಸಾಯೋ ನನ್ನ ದೃಶ್ಯಾನ ಬೇರೆಯವಳಿಗೆ ಕೊಡ್ತೀರಾ?” ಎಂದು ಮೇಕಪ್ ಕೋಣೆಯ ಬಾಗಿಲು ಹಾಕಿಕೊಂಡಳು. ಕಂಪನಿಯವರು ನನ್ನನ್ನು ತೆಗೆದು ಬೇರೆಯವರಿಂದ ಬರೆಸುವ ಮಾತಾಡಿದರು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ಸ್ವಭಾವದ ಆಸ್ಗರ್, ಅಕ್ಕ ತಂಗಿ ಇಬ್ಬರನ್ನೂ ಆ ಕೋಣೆಯಲ್ಲಿ ಕೂರಿಸಿದರೆ ಆಗದೇ ಎಂದ. ಆಗದು ಎಂದೆ. ನನ್ನ ಧ್ವನಿ ನನಗೇ ಹೊಸದಾಗಿತ್ತು. ನಿಮ್ಮ ಪತ್ರವನ್ನು ಮೇಜಿನ ಮೇಲಿಟ್ಟೆ, ಎಲ್ಲರೂ ಓದಿದರು, ನಟಿಯೂ ಓದಿದಳು. ಮರುದಿನ ಅವಳೇ ಬಂದು ತನ್ನ ಸಾಲುಗಳಿಗೆ ಅಡ್ಡಗೆರೆ ಎಳೆದಳು.

ಆದರೆ ಅಲ್ಲಿ ಏನು ನಡೆಯಿತು ಎಂದು ನಮಗಾರಿಗೂ ತಿಳಿಯದು. ಊಹಿಸಿ ಬರೆಯುವ ಧೈರ್ಯ ನನಗೆ ಬರಲಿಲ್ಲ. ಆದ್ದರಿಂದ ಮಾತೇ ಇಲ್ಲ. ಹಾಸಿಗೆಯಲ್ಲಿ ಮಲಗಿದ ತಾಯಿ, ಪಕ್ಕದಲ್ಲಿ ಕೂತ ಅಕ್ಕ, ಮೂರು ನಿಮಿಷ ಹಾಗೇ ಬಿಟ್ಟಿದ್ದೇವೆ. ಒಳ್ಳೆಯದಾಗಿದೆಯೋ ಇಲ್ಲವೋ ನನಗೆ ನಿಜವಾಗಿಯೂ ಗೊತ್ತಾಗುತ್ತಿಲ್ಲ. ನೀವೇ ನೋಡಿ ಹೇಳಬೇಕು. ಸಿನಿಮಾ ನೋಡಲು ನಿಮ್ಮ ಅಕ್ಕನೂ ಬರುತ್ತಾರೆಯೇ?

ಸಿಗ್ನೆ


ಮೋಂವಾಲ್, 6 ಮಾರ್ಚ್ 1967

ನನ್ನ ಸಿಗ್ನೆ,

ನಿನ್ನ ಸಿನಿಮಾ ಪಟ್ಟಣದ ಚಿತ್ರಮಂದಿರಕ್ಕೆ ಕಳೆದ ವಾರ ಬಂತು. ಫಿಲೊಮೆನ್‌ಳ ಅಂಚೆ ಡಬ್ಬಿಗೆ ಒಂದು ಟಿಕೆಟ್ ಹಾಕಿ ಬಂದಿದ್ದೆ, ಚೀಟಿ ಇಲ್ಲದೆ. ಶನಿವಾರ ಮಧ್ಯಾಹ್ನ ಎರಡು ಗಂಟೆಯ ಬಸ್ಸಿಗೆ ಹೋದರೆ ಅವಳು ಮುಂದಿನ ಸೀಟಿನಲ್ಲಿ ಕೂತಿದ್ದಳು, ಚರ್ಚಿಗೆ ಹೋಗುವ ಟೋಪಿ ಹಾಕಿಕೊಂಡು. ನಾನು ಹಿಂದೆ ಕೂತೆ. ಚಿತ್ರಮಂದಿರದಲ್ಲಿ ಮಾತ್ರ ಅವಳಿಗೆ ನನ್ನ ಪಕ್ಕದ ಸೀಟು ಬಿಟ್ಟು ಬೇರೆ ದಾರಿ ಇರಲಿಲ್ಲ, ಟಿಕೆಟ್ ನಾನೇ ಕೊಂಡದ್ದಲ್ಲವೇ.

ಬೇಕರಿಯವಳು ನಮ್ಮ ಮುಂದಿನ ಸಾಲಿನಲ್ಲಿದ್ದಳು. ತಂಗಿ ಬ್ರೆಡ್ ಮಗುಚಿ ಕೈ ಒರೆಸಿಕೊಂಡಾಗ ಹಾಲ್‌ನಲ್ಲಿ ಗುಸುಗುಸು ಎದ್ದಿತು. ಬೇಕರಿಯವಳು ತಿರುಗಿ ಮೊದಲು ಫಿಲೊಮೆನ್‌ಳನ್ನು, ಆಮೇಲೆ ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ. ಫಿಲೊಮೆನ್ ಪರದೆಯಿಂದ ಕಣ್ಣು ತೆಗೆಯಲಿಲ್ಲ, “ಫೋರ್ಕ್ ಸರಿಯಾಗಿ ಇಟ್ಟಿದ್ದಾರೆ” ಎಂದು ಮಾತ್ರ ತನ್ನಷ್ಟಕ್ಕೆ ಹೇಳಿಕೊಂಡಳು.

ಆಮೇಲೆ ಆಸ್ಪತ್ರೆಯ ಕೋಣೆ ಬಂತು. ನಿನ್ನ ಮೂರು ನಿಮಿಷ. ತಾಯಿ ಬಿಳಿಯ ಹಾಸಿಗೆಯಲ್ಲಿ ಸಂತಳಂತೆ ಮಲಗಿದ್ದಾಳೆ, ಅಕ್ಕ ಪಕ್ಕದಲ್ಲಿ ಕೂತಿದ್ದಾಳೆ. ಹಾಲ್‌ನಲ್ಲಿ ಕೆಮ್ಮುವವರೂ ಇಲ್ಲ. ಫಿಲೊಮೆನ್ ಮುಂದಕ್ಕೆ ಬಾಗಿದಳು, ಹಿಂದಕ್ಕೆ ಒರಗಿದಳು, ಮತ್ತೆ ಬಾಗಿದಳು. ಕೊನೆಗೆ ತಡೆಯಲಾರದೆ, ಕಿವಿ ಮಂದವಾದವರು ಮಾತಾಡುವ ದೊಡ್ಡ ದನಿಯಲ್ಲಿ ನನಗೆ ಹೇಳಿದಳು:

“ಅಮ್ಮ ಇಷ್ಟು ಸುಮ್ನೆ ಇರ್ಲಿಲ್ಲ ಕಣೆ.”

ಯಾರೋ ಶ್ ಎಂದರು. ಮೂವತ್ತು ವರ್ಷದಿಂದ ಬಾಯಲ್ಲೇ ಉಳಿದಿದ್ದ ಪ್ರಶ್ನೆ ಅದು.

“ಮತ್ತೆ ಹೇಗಿದ್ಲು?” ಎಂದು ಕೇಳಿದೆ.

“ಬೈತಿದ್ಲು. ಸೂಪಿಗೆ ಉಪ್ಪಿಲ್ಲ ಅಂತ ಶುರುವಾಯ್ತು. ಆ ಸಿಸ್ಟರ್‌ಗೆ ಬೈದ್ಲು, ಪಾದ್ರಿಗೆ ಬೈದ್ಲು, ಸತ್ತು ಹದಿನೈದು ವರ್ಷ ಆಗಿದ್ದ ಅಪ್ಪನ್ನೂ ಬಿಡ್ಲಿಲ್ಲ.”

“ನಂಗೂ ಬೈದ್ಲಾ?”

“ನಿಂಗೇ ಜಾಸ್ತಿ.”

ನನಗೆ ನಗು ಬಂತು, ನಗುತ್ತ ನಗುತ್ತ ಅಳು ಬಂತು, ಬಿಕ್ಕಿ ಬಿಕ್ಕಿ ಅತ್ತೆ. ಅಮ್ಮ ನನ್ನ ಹೆಸರು ಹಿಡಿದು ಬೈದಿದ್ದಳು ಎಂಬುದೇ ನನಗೆ ದೊಡ್ಡ ಸಂಗತಿಯಾಯಿತು. “ಏನಂತ ಬೈದ್ಲು ಹೇಳು” ಎಂದು ಅವಳ ತೋಳು ಹಿಡಿದು ಜಗ್ಗಿದೆ. ಅವಳು ಹೇಳತೊಡಗಿದಳು, ಅಮ್ಮನ ದನಿಯಲ್ಲೇ. ಸೀಟು ತೋರಿಸುವ ಹೆಂಗಸು ಟಾರ್ಚ್ ಹಿಡಿದು ಬಂದು ನಮ್ಮಿಬ್ಬರ ಮುಖಕ್ಕೂ ಬೆಳಕು ಬಿಟ್ಟಳು. “ಅಜ್ಜಿಯರೇ, ಮಾತಾಡೋದಿದ್ರೆ ಹೊರಗೆ ಹೋಗಿ. ಇಲ್ಲಿ ಜನ ಕಾಸು ಕೊಟ್ಟು ಅಳೋಕೆ ಬಂದಿದ್ದಾರೆ” ಎಂದಳು.

ಹೊರಗೆ ಬಂದೆವು. ಟಿಕೆಟ್ ಕಿಟಕಿಯ ಎದುರಿನ ಬೆಂಚಿನ ಮೇಲೆ ಕೂತು ಫಿಲೊಮೆನ್ ಒಂದೊಂದಾಗಿ ಹೇಳಿದಳು, ನಾನು ಒಂದೊಂದಾಗಿ ಕೇಳಿದೆ. ಕೋಣೆಯ ಗೋಡೆ ಯಾವ ಬಣ್ಣ, ಯಾರು ಯಾರು ಬಂದರು, ಎಷ್ಟು ಹೊತ್ತಿಗೆ ಹೋದಳು. ಕಡೆಯ ಬಸ್ಸು ಬರುವವರೆಗೂ ಮುಗಿಯಲಿಲ್ಲ. ನಾಳೆ ಬೆಳಿಗ್ಗೆ ಅವಳ ಮನೆಗೆ ಹೋಗಬೇಕು, ಅಮ್ಮ ಆಸ್ಪತ್ರೆಯಲ್ಲಿದ್ದ ಮೂರು ವರ್ಷಗಳಲ್ಲಿ ಇನ್ನೂ ಎರಡನೆಯ ವರ್ಷದ ಚಳಿಗಾಲದಲ್ಲೇ ಇದ್ದೇವೆ.

ಅಂದ ಮೇಲೆ ನಿನ್ನ ಸಿನಿಮಾ ಹೇಗೆ ಮುಗಿಯುತ್ತದೆ ಎಂದು ನನಗೆ ಗೊತ್ತಿಲ್ಲ. ಅಮ್ಮ ಸತ್ತ ಮೇಲೆ ಏನು ತೋರಿಸಿದೆ? ಬರೆದು ತಿಳಿಸು.

ನಿನ್ನ
ಒನೊರಿನ್